ಓದುಗರ ಪ್ರಶ್ನೆ: ಬಣ್ಣ ಮಾಸಿದ ಜೀಪಿನ ಹುಡ್ಡಿಗೆ ಮಳೆಗಾಲದ ಮುನ್ನ ಏನು ಮಾಡಬೇಕು?

ಪ್ರಶ್ನೆ: ತಂದೆಯವರು ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಕೊಂಡ ಮಹೀಂದ್ರ ಎಂಎಂ 540 ಜೀಪು ಇಂದಿಗೂ ನಮ್ಮಲ್ಲಿದೆ. ನೋಂದಣಿಯನ್ನು ನವೀಕರಿಸಿಕೊಂಡಿದ್ದೇವೆ, ಎಂಜಿನ್ನು ಗಟ್ಟಿಯಾಗಿದೆ, ಪ್ರತಿ ಮೇ ತಿಂಗಳಲ್ಲೂ ಕುಂದಾಪುರಕ್ಕೆ ಅದರಲ್ಲೇ ಹೋಗಿಬರುತ್ತೇವೆ. ಆದರೆ ಹತ್ತು ವರ್ಷಗಳ ಹಿಂದೆ ಕುರ್ಲಾದಲ್ಲಿ ಹೊಲಿಸಿದ ಕಪ್ಪು ಕ್ಯಾನ್ವಾಸ್ ಹುಡ್ಡು ಈಗ ಬೂದಿಯ ಬಣ್ಣಕ್ಕೆ ಬಂದಿದೆ. ಕಳೆದ ಮಳೆಗಾಲದಲ್ಲಿ ಹಿಂದಿನ ಸೀಟಿನ ಮೇಲೆ ನೀರು ತೊಟ್ಟಿಕ್ಕತೊಡಗಿತು. ಗ್ಯಾರೇಜಿನವರು ತಾರಸಿಗೆ ಬಳಿಯುವ ವಾಟರ್‌ಪ್ರೂಫ್ ಪೇಂಟನ್ನೇ ಬಳಿಯಿರಿ ಎನ್ನುತ್ತಾರೆ. ನಮ್ಮ ಭಾವನವರು ಮೇಣ ಕರಗಿಸಿ ಸವರಲು ಹೇಳುತ್ತಾರೆ. ಹೊಸ ಹುಡ್ಡು ಹೊಲಿಸುವುದೇ ಲೇಸು ಎನ್ನುವವರೂ ಇದ್ದಾರೆ. ಬಣ್ಣವೂ ಮರಳಬೇಕು, ಸೋರುವುದೂ ನಿಲ್ಲಬೇಕು. ಏನು ಮಾಡಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಹುಡ್ಡಿಗೆ ಬಂದಿರುವುದು ಒಂದು ಕಾಯಿಲೆಯಲ್ಲ, ಎರಡು. ಬಣ್ಣ ಹೋದದ್ದು ಬಿಸಿಲಿನಿಂದ. ನೀರು ಇಳಿಯುತ್ತಿರುವುದು ಬಟ್ಟೆಯೊಳಗಿನ ಜಲನಿರೋಧಕ ಪದಾರ್ಥ ತೊಳೆದುಹೋದದ್ದರಿಂದ, ಎಳೆಗಳ ನಡುವೆ ಧೂಳು ಕೂತದ್ದರಿಂದ ಮತ್ತು ಬಹುಮಟ್ಟಿಗೆ ಹೊಲಿಗೆಗಳು ಸಡಿಲವಾದದ್ದರಿಂದ. ಬೂದಿಯಂತೆ ಮಾಸಿದ ಹುಡ್ಡು ಒಂದು ಹನಿಯನ್ನೂ ಒಳಗೆ ಬಿಡದಿರುವುದುಂಟು. ಕಾಡಿಗೆಯಂತೆ ಕಪ್ಪಗಿರುವ ಹುಡ್ಡು ಜರಡಿಯಂತೆ ಸೋರುವುದೂ ಉಂಟು. ಆದ್ದರಿಂದ ಎರಡಕ್ಕೂ ಒಂದೇ ಡಬ್ಬದ ಔಷಧಿಯನ್ನು ಹುಡುಕಬೇಡಿ. ಬಣ್ಣವನ್ನು ಬಣ್ಣದಿಂದಲೂ ಸೋರಿಕೆಯನ್ನು ಹೊಲಿಗೆ ಮತ್ತು ಲೇಪದಿಂದಲೂ ಬೇರೆಬೇರೆಯಾಗಿ, ಒಂದಾದ ಮೇಲೊಂದರಂತೆ ಸರಿಪಡಿಸಬೇಕು. ಈ ಕ್ರಮ ತಪ್ಪಿದರೆ ಎರಡೂ ಕೆಡುತ್ತವೆ.

ಎಲ್ಲಕ್ಕಿಂತ ಮೊದಲು ಆ ಬಟ್ಟೆ ಇಷ್ಟು ಶ್ರಮಕ್ಕೆ ತಕ್ಕದ್ದೇ ಎಂದು ನೋಡಿಕೊಳ್ಳಿ. ಬಣ್ಣವಾಗಲಿ ಲೇಪವಾಗಲಿ ಸತ್ತುಹೋದ ನೂಲಿಗೆ ಬಲ ಕೊಡಲಾರವು. ಹುಡ್ಡನ್ನು ಹೊರುವ ಬಾಗಿದ ಪೈಪುಗಳ ಮೇಲಿನ ಜಾಗದಲ್ಲಿ ಬಿಸಿಲೂ ಉಜ್ಜಾಟವೂ ಹೆಚ್ಚು. ಅಲ್ಲಿ ಎರಡು ಕೈಯ ಹೆಬ್ಬೆರಳುಗಳನ್ನು ಒತ್ತಾಗಿಟ್ಟು ಬಟ್ಟೆಯನ್ನು ಜೋರಾಗಿ ಎರಡೂ ಕಡೆಗೆ ಎಳೆಯಿರಿ. ಹಳೆಯ ಪಂಚೆ ಹರಿದಂತೆ ಪರ್ರನೆ ಬಿಟ್ಟುಕೊಂಡರೆ ಮುಂದಿನ ಪುಟವನ್ನು ಓದುವ ಅಗತ್ಯವಿಲ್ಲ, ಹೊಸದನ್ನೇ ಹೊಲಿಸಿರಿ. ಈ ಪರೀಕ್ಷೆ ಕಪ್ಪು ಹುಡ್ಡಿಗೆ ವಿಶೇಷವಾಗಿ ಬೇಕು. ಅಗ್ಗದ ಕಪ್ಪು ಹತ್ತಿಬಟ್ಟೆಗೆ ಸಾಮಾನ್ಯವಾಗಿ ಬಳಸುವ ಸಲ್ಫರ್ ಬ್ಲ್ಯಾಕ್ ಎಂಬ ಬಣ್ಣದಲ್ಲಿರುವ ಗಂಧಕವು ಸೆಕೆ ಮತ್ತು ತೇವಗಳಲ್ಲಿ ವರ್ಷಗಟ್ಟಲೆ ಇದ್ದಾಗ ನಿಧಾನವಾಗಿ ಗಂಧಕಾಮ್ಲವಾಗಿ ಮಾರ್ಪಟ್ಟು ನೂಲನ್ನು ಒಳಗಿಂದಲೇ ತಿನ್ನುತ್ತದೆ. ಮುಂಬಯಿಯ ಹವೆಯಲ್ಲಿ ಅದಕ್ಕೆ ಬೇಕಾದ ಸೆಕೆಯೂ ತೇವವೂ ಧಾರಾಳವಾಗಿವೆ.

ಎಳೆದಾಗ ಬಟ್ಟೆ ಹರಿಯದಿದ್ದರೆ ಅದು ಯಾವ ಬಟ್ಟೆಯೆಂಬುದನ್ನು ಖಚಿತಪಡಿಸಿಕೊಳ್ಳಿ. ಒಳಮಡಿಕೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಜೀಪಿನಿಂದ ದೂರದಲ್ಲಿ ಸುಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ಕೃತಕ ನೂಲು. ಮೇಲ್ಮೈ ನುಣುಪಾಗಿ ಹಿಂಬದಿಯಲ್ಲಿ ಮಾತ್ರ ಬಟ್ಟೆಯಿದ್ದರೆ ಅದು ಕ್ಯಾನ್ವಾಸೇ ಅಲ್ಲ, ರೆಕ್ಸಿನ್. ಅದರ ಮಾತು ಬೇರೆ, ಕೆಳಗೆ ವಾಸ್ಕೋದ ಓದುಗರಿಗೆ ಕೊಟ್ಟ ಉತ್ತರವನ್ನು ನೋಡಿ. ನಿಮ್ಮದು ಹತ್ತಿಯ ಕ್ಯಾನ್ವಾಸ್ ಎಂದೇ ಭಾವಿಸಿ ಮುಂದುವರಿಯುತ್ತೇನೆ.

ಮೂರನೆಯ ಪರೀಕ್ಷೆಯನ್ನು ಸಂಜೆ ಕತ್ತಲಾದ ಮೇಲೆ ಮಾಡಿ. ಮನೆಯವರೊಬ್ಬರು ಟಾರ್ಚು ಮತ್ತು ಸೀಮೆಸುಣ್ಣ ಹಿಡಿದು ಜೀಪಿನೊಳಗೆ ಕೂರಲಿ. ನೀವು ಹೊರಗಿನಿಂದ ತಂಬಿಗೆಯಲ್ಲಿ ನೀರನ್ನು ಮೊದಲು ಕೆಳಭಾಗಕ್ಕೆ, ಆಮೇಲೆ ಪಕ್ಕಕ್ಕೆ, ಕೊನೆಗೆ ನೆತ್ತಿಗೆ ಸುರಿಯುತ್ತ ಬನ್ನಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೆಡೆ ಹರಿದು ಮೂಲವೇ ತಿಳಿಯುವುದಿಲ್ಲ. ಒಳಗೆ ಎಲ್ಲಿ ಹನಿ ಕಾಣುವುದೋ ಅಲ್ಲಿ ಗುರುತು ಹಾಕಿ. ಬೆಳಗ್ಗೆ ನೋಡಿದರೆ ಬಹುಪಾಲು ಗುರುತುಗಳು ಹೊಲಿಗೆಯ ಸಾಲಿನ ಮೇಲೆ, ಗುಂಡಿಗಳ ಸುತ್ತ ಮತ್ತು ಮುಂಗಾಜಿನ ಚೌಕಟ್ಟಿಗೆ ಹುಡ್ಡು ಸೇರುವಲ್ಲಿ ಇರುತ್ತವೆ. ಬಟ್ಟೆಯ ನಡುಬಯಲಿನಲ್ಲಿ ಸೋರುವುದು ಅಪರೂಪ.

ಅದು ಅಪರೂಪವಾಗಲು ಕಾರಣವಿದೆ. ಹತ್ತಿಯ ನೂಲು ನೆನೆದಾಗ ಅಡ್ಡಕ್ಕೆ ಉಬ್ಬುತ್ತದೆ; ಒತ್ತಾಗಿ ನೇಯ್ದ ಕ್ಯಾನ್ವಾಸಿನಲ್ಲಿ ಹಾಗೆ ಉಬ್ಬಿದ ನೂಲುಗಳು ಒಂದಕ್ಕೊಂದು ಒತ್ತಿಕೊಂಡು ನಡುವಿನ ಸಂದುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ಅದರ ಮೇಲೆ ಮೇಣದಂಥ ಲೇಪವೊಂದು ಇದ್ದರೆ ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತಾಗಿ ಉರುಳಿಹೋಗುತ್ತದೆ. ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಾಟಿ ಮಾಡುವವರ ಬೆನ್ನು ಬೆಚ್ಚಗಿರುವುದೂ ಇಂಥದೇ ಕಾರಣದಿಂದ: ಕುರಿಯ ಉಣ್ಣೆಯಲ್ಲಿ ಉಳಿದಿರುವ ಜಿಡ್ಡು ನೀರನ್ನು ಎಳೆಗಳೊಳಗೆ ಇಳಿಯಗೊಡದೆ ಮೇಲಿಂದಲೇ ಜಾರಿಸುತ್ತದೆ. ಈ ವ್ಯವಸ್ಥೆ ಎಷ್ಟು ನಾಜೂಕಾದದ್ದೆಂದರೆ, ಜೋರುಮಳೆಯಲ್ಲಿ ಒಳಗೆ ಕೂತ ಮಗು ಹುಡ್ಡಿನ ಒಳಮೈಗೆ ಬೆರಳು ತಾಗಿಸಿದರೆ ಅದುವರೆಗೆ ಹೊರಗೇ ತಡೆದು ನಿಂತಿದ್ದ ನೀರು ಆ ಬಿಂದುವಿನಿಂದ ಒಳಕ್ಕೆ ಇಳಿಯತೊಡಗಬಹುದು. ಸೀಟಿನ ಹಿಂದೆ ಪೆಟ್ಟಿಗೆ, ಚೀಲಗಳನ್ನು ಹುಡ್ಡಿಗೆ ತಾಗುವಂತೆ ಪೇರಿಸಬಾರದು ಎನ್ನುವುದು ಇದಕ್ಕಾಗಿಯೇ. ನಿಮ್ಮ ಹಿಂದಿನ ಸೀಟಿನ ಮೇಲೆ ಸೋರುವ ಜಾಗಕ್ಕೆ ಒಳಗಿನಿಂದ ಏನಾದರೂ ತಾಗುತ್ತಿದೆಯೇ ಎಂದು ಒಮ್ಮೆ ನೋಡಿ.

ಇನ್ನು ತೊಳೆಯುವುದು. ಇಡೀ ಕೆಲಸದ ಅರ್ಧದಷ್ಟು ಯಶಸ್ಸು ಇದರಲ್ಲೇ ಇದೆಯೆಂದು ಅನುಭವದಿಂದ ಹೇಳುತ್ತೇನೆ, ಜನರು ಅವಸರ ಮಾಡುವುದೂ ಇಲ್ಲಿಯೇ. ಹುಡ್ಡನ್ನು ಜೀಪಿನಿಂದ ಬಿಚ್ಚದೆ, ಬಿಗಿದ ಸ್ಥಿತಿಯಲ್ಲೇ ತೊಳೆದು ಅಲ್ಲೇ ಒಣಗಿಸಿ. ಬಿಚ್ಚಿ ನೆನೆಸಿದರೆ ಹತ್ತಿ ಕುಗ್ಗುತ್ತದೆ, ಆಮೇಲೆ ಗುಂಡಿಗಳು ತಮ್ಮ ಜಾಗಕ್ಕೆ ತಲುಪುವುದೇ ಇಲ್ಲ. ಮೊದಲು ಒಣ ಬ್ರಷ್ಷಿನಿಂದ ಧೂಳು ಕೊಡವಿ. ಬಳಿಕ ಸಾಮಾನ್ಯ ಬಾರ್ ಸೋಪನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕದಡಿ, ಮೃದುವಾದ ಬ್ರಷ್ಷಿನಿಂದ ನೇಯ್ಗೆಯ ಉದ್ದಕ್ಕೆ ಉಜ್ಜಿ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಬೇಡ. ಡಿಟರ್ಜೆಂಟಿನ ಕೆಲಸವೇ ನೀರು ನೂಲಿನೊಳಗೆ ಸುಲಭವಾಗಿ ಇಳಿಯುವಂತೆ ಮಾಡುವುದು. ಅದರ ಅಂಶ ಸ್ವಲ್ಪವೇ ಉಳಿದರೂ ನೀವು ಆಮೇಲೆ ಬಳಿಯುವ ಲೇಪದ ವಿರುದ್ಧವಾಗಿ ಅದು ಒಳಗಿನಿಂದ ದುಡಿಯುತ್ತಿರುತ್ತದೆ. ಬ್ಲೀಚಿಂಗ್ ದ್ರಾವಣವಂತೂ ಸರ್ವಥಾ ಬೇಡ: ಅದು ಹತ್ತಿಯನ್ನೂ ಹೊಲಿಗೆಯ ದಾರವನ್ನೂ ದುರ್ಬಲಗೊಳಿಸುತ್ತದೆ, ಸಲ್ಫರ್ ಬ್ಲ್ಯಾಕ್ ಬಣ್ಣವನ್ನು ಕೆಲವೇ ನಿಮಿಷಗಳಲ್ಲಿ ಕಂದುಬಣ್ಣಕ್ಕಿಳಿಸುತ್ತದೆ. ವಾಷಿಂಗ್ ಸೆಂಟರಿನ ಜೋರುಧಾರೆಯೂ ಬೇಡ.

ನೆರಳುಬದಿಯಲ್ಲಿ ಕಪ್ಪು ಅಥವಾ ಹಸುರು ಚುಕ್ಕೆಗಳಿದ್ದರೆ ಅದು ಬೂಷ್ಟು. ಹತ್ತಿಯೇ ಬೂಷ್ಟಿಗೆ ಆಹಾರವಾದ್ದರಿಂದ ಅದನ್ನು ಬಿಟ್ಟು ಮೇಲೆ ಬಣ್ಣ ಬಳಿದರೆ ಒಳಗೆ ತಿನ್ನುವುದು ನಿಲ್ಲುವುದಿಲ್ಲ. ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಆ ಜಾಗವನ್ನು ನೆನೆಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ಬಳಿಕ ಒಂದು ಬಕೆಟ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಹುಡ್ಡಿಗೆಲ್ಲ ಹುಯ್ಯಿರಿ. ವಿನೆಗರಿನ ಹುಳಿಯೂ, ಆ ಕಪ್ಪು ಬಣ್ಣ ಹುಟ್ಟಿಸಿರಬಹುದಾದ ಆಮ್ಲವೂ ಇದರಿಂದ ಶಮನವಾಗುತ್ತವೆ. ಆಮೇಲೆ ಬರೀ ನೀರು, ಮತ್ತೆ ಬರೀ ನೀರು. ಹುಡ್ಡಿನ ಅಂಚಿನಿಂದ ಇಳಿಯುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಬಾಯಿಗೆ ಕೈಯೊತ್ತಿ ಕುಲುಕಿ ನೋಡಿ. ನೊರೆ ನಿಂತರೆ ಇನ್ನೂ ತೊಳೆಯಬೇಕು. ನೀರಿನ ಅಭಾವವಿರುವ ಸೊಸೈಟಿಗಳಲ್ಲಿ ಇದು ಕಷ್ಟವೆಂದು ನನಗೆ ಗೊತ್ತು. ಎರಡು ಭಾನುವಾರಗಳಿಗೆ ಹಂಚಿಕೊಂಡು ಮಾಡಿದರೂ ಅಡ್ಡಿಯಿಲ್ಲ, ಆದರೆ ಈ ಹಂತವನ್ನು ಮೊಟಕುಗೊಳಿಸಬೇಡಿ. ತೊಳೆದ ಮೇಲೆ ಪೂರಾ ಎರಡು ದಿನ ಒಣಗಲಿ. ಮಡಿಕೆಗಳೂ ಅಂಚುಪಟ್ಟಿಗಳೂ ಕೊನೆಗೆ ಒಣಗುತ್ತವೆ.

ಒಣಗಿದ ಮೇಲೆ ಹೊಲಿಗೆ. ಸೀಮೆಸುಣ್ಣದ ಗುರುತುಗಳಿದ್ದ ಕಡೆ ದಾರವನ್ನು ಉಗುರಿನಿಂದ ಮೀಟಿ. ಪುಡಿಯಾದರೆ ಅಥವಾ ತುಂಡಾದರೆ ಆ ಸಾಲನ್ನು ಮತ್ತೆ ಹೊಲಿಯಬೇಕು. ಹೊಲಿಯುವವರಿಗೆ ಒಂದು ಮಾತು ತಪ್ಪದೆ ಹೇಳಿ: ಹಳೆಯ ತೂತುಗಳಲ್ಲೇ ಹೊಲಿಯಬೇಕು, ಪಕ್ಕದಲ್ಲಿ ಹೊಸ ಸಾಲು ಎಳೆಯಬಾರದು. ಹಳೆಯ ಕ್ಯಾನ್ವಾಸಿನಲ್ಲಿ ಹೊಸ ತೂತುಗಳ ಸಾಲೆಂದರೆ ಹರಿಯಲು ಹಾಕಿಕೊಟ್ಟ ಗೆರೆ. ಮೆಷಿನ್ನಿನಲ್ಲಿ ಇದು ಸಾಧ್ಯವಾಗುವುದಿಲ್ಲ. ದಬ್ಬಣ ಹಿಡಿದು ಕೈಯಿಂದಲೇ ಹೊಲಿಯಬೇಕು, ಮತ್ತು ಸ್ಟೇಷನ್ನಿನ ಹೊರಗೆ ಕೂರುವ ಚಮ್ಮಾರರು ಇದನ್ನು ದೊಡ್ಡ ಅಂಗಡಿಗಳವರಿಗಿಂತ ಅಚ್ಚುಕಟ್ಟಾಗಿ ಮಾಡಿಕೊಟ್ಟದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ. ನೈಲಾನ್ ದಾರಕ್ಕಿಂತ ದಪ್ಪ ಪಾಲಿಯೆಸ್ಟರ್ ದಾರ ಬಿಸಿಲನ್ನು ಹೆಚ್ಚು ಕಾಲ ತಡೆಯುತ್ತದೆ. ಆದರೆ ಹತ್ತಿಯ ದಾರದಂತೆ ಅದು ನೆನೆದು ಉಬ್ಬಿ ತೂತನ್ನು ಮುಚ್ಚುವುದಿಲ್ಲವಾದ್ದರಿಂದ ಕೊನೆಯಲ್ಲಿ ಹೊಲಿಗೆಗೆ ಪ್ರತ್ಯೇಕ ಉಪಚಾರ ಬೇಕಾಗುತ್ತದೆ.

ಈಗ ಬಣ್ಣ. ಮೊದಲು ಹುಡ್ಡಿನ ಮೇಲೆ ಅಲ್ಲಲ್ಲಿ ನೀರಿನ ಹನಿ ಬಿಟ್ಟು ನೋಡಿ. ಹೀರಿಕೊಂಡರೆ ಬಣ್ಣವನ್ನೂ ಹೀರುತ್ತದೆ; ಮುತ್ತಾಗಿ ನಿಂತರೆ ಅಲ್ಲಿ ಹಳೆಯ ಲೇಪ ಉಳಿದಿದೆ, ಬಣ್ಣ ಕೂರದೆ ಕಲೆಕಲೆಯಾಗುತ್ತದೆ. ಅಂಥ ಜಾಗವನ್ನು ಇನ್ನೊಮ್ಮೆ ಬೆಚ್ಚಗಿನ ಸೋಪುನೀರಿನಿಂದ ಉಜ್ಜಬೇಕು.

ಸೀರೆ, ಪ್ಯಾಂಟುಗಳಿಗೆ ಮನೆಯಲ್ಲಿ ಹಾಕುವ ಪುಡಿಬಣ್ಣವನ್ನು ಇದಕ್ಕೆ ಬಳಸಬೇಡಿ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಹಾಕಬೇಕಾದದ್ದರಿಂದ ಹೊರಗಿನಿಂದ ಬಳಿದರೆ ನೂಲಿಗೆ ಕಚ್ಚುವುದಿಲ್ಲ, ಮೊದಲ ಮಳೆಗೇ ಇಳಿಯುತ್ತದೆ. ನಾನೇ ಒಮ್ಮೆ, ಬಹಳ ವರ್ಷಗಳ ಹಿಂದೆ, ಈ ತಪ್ಪನ್ನು ಮಾಡಿದ್ದೆ. ಬಿಳಿಯ ಬಾಗಿಲಿನ ಮೇಲೆ ಇಳಿದ ಕಪ್ಪು ಗೆರೆಗಳನ್ನು ಪಾಲಿಶ್ ಮಾಡಿ ತೆಗೆಯಲು ಬಣ್ಣ ಹಾಕಿದ್ದಕ್ಕಿಂತ ಹೆಚ್ಚು ದಿನ ಬೇಕಾಯಿತು. ನಿಮಗೆ ಬೇಕಾದದ್ದು ಪಿಗ್ಮೆಂಟು, ಅಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿ, ಮತ್ತು ಅದನ್ನು ನೂಲಿಗೆ ಅಂಟಿಸಿ ಹಿಡಿಯುವ ಅಕ್ರಿಲಿಕ್ ಬೈಂಡರ್ ಸೇರಿದ, ನೀರಿನಲ್ಲಿ ತೆಳುವಾಗುವ ಬಣ್ಣ. ಕಾರುಗಳ ಬಟ್ಟೆಯ ಹುಡ್ಡಿಗೆಂದೇ ಮಾಡಿದ ವಿದೇಶಿ ತಯಾರಿಕೆಗಳು, ಉದಾಹರಣೆಗೆ ಇಂಗ್ಲೆಂಡಿನ ರೆನೊವೊ, ಈ ಬಗೆಯವು. ಅವು ದುಬಾರಿಯೆನಿಸಿದರೆ ಟೀ ಶರ್ಟುಗಳಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ಬಳಸುವ ಪಿಗ್ಮೆಂಟು, ಬೈಂಡರ್ ಮತ್ತು ಬಣ್ಣ ಬಿಡದಂತೆ ಭದ್ರಪಡಿಸುವ ಫಿಕ್ಸರುಗಳನ್ನು ಅವರ ಸಾಮಗ್ರಿ ಮಾರುವ ಅಂಗಡಿಯಲ್ಲಿ ಕೇಳಿ. ಬೈಂಡರು ಶಾಖವಿಲ್ಲದೆ ತಾನೇ ಗಟ್ಟಿಯಾಗುವಂಥದ್ದಾಗಿರಬೇಕೆಂದು ಸ್ಪಷ್ಟವಾಗಿ ಹೇಳಿ. ಸಾಮಾನ್ಯ ಬೈಂಡರನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಗೊಳಿಸಬೇಕು, ಜೀಪಿನ ಮೇಲೆ ಅದು ಆಗದ ಮಾತು. ನಿಮ್ಮದು ಕಪ್ಪು ಬಣ್ಣವಾಗಿರುವುದು ಒಂದು ಅನುಕೂಲ. ಕಪ್ಪು ಪಿಗ್ಮೆಂಟೆಂದರೆ ನುಣ್ಣನೆಯ ಇಂಗಾಲ, ಬಿಸಿಲಿಗೆ ಅದು ಸುಲಭವಾಗಿ ಮಾಸುವುದಿಲ್ಲ.

ಬಣ್ಣ ಬದಲಿಸುವ ಆಸೆಯಿದ್ದರೆ ಒಂದು ಎಚ್ಚರಿಕೆ. ಹಳೆಯ ಜೀಪಿಗೆ ಸೇನೆಯ ವಾಹನದ ಚೆಲುವು ಕೊಡಬೇಕೆಂದು ಹಲವರು ಆಲಿವ್ ಹಸುರನ್ನು ಕೇಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರಾವ ವಾಹನಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಹುಡ್ಡು ಬಟ್ಟೆಯಲ್ಲವೇ ಎಂದು ನಾಕಾಬಂದಿಯಲ್ಲಿ ವಾದಿಸುತ್ತ ನಿಲ್ಲುವ ಪ್ರಸಂಗವನ್ನು ತಂದುಕೊಳ್ಳದಿರುವುದು ಒಳ್ಳೆಯದು.

ಬಳಿಯುವ ರೀತಿ ಹೀಗೆ. ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗಳಿಗೂ ಬಾಡಿಗೂ ಹಳೆಯ ಪತ್ರಿಕೆ ಮತ್ತು ಮಾಸ್ಕಿಂಗ್ ಟೇಪಿನಿಂದ ಮರೆ ಕಟ್ಟಿ. ನೆರಳಿನಲ್ಲಿ, ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ಕೆಲಸ ಮಾಡಿ. ಕಾದ ಬಟ್ಟೆಯ ಮೇಲೆ ಬಣ್ಣ ಇಳಿಯುವ ಮೊದಲೇ ಒಣಗಿ ಬ್ರಷ್ಷಿನ ಗೆರೆಗಳು ಉಳಿಯುತ್ತವೆ. ಹುಡ್ಡಿನ ಒಂದೊಂದು ತುಂಡನ್ನು ಹೊಲಿಗೆಯಿಂದ ಹೊಲಿಗೆಯವರೆಗೆ ನಿಲ್ಲಿಸದೆ ಮುಗಿಸಿ. ಬಣ್ಣ ಹಾಲಿನಷ್ಟು ತೆಳುವಾಗಿರಲಿ, ಮಜ್ಜಿಗೆಹುಳಿಯಂತೆ ಮಂದವಾಗುವುದು ಬೇಡ. ಮಂದವಾದ ಬಣ್ಣ ಮೇಲೆ ಪೊರೆಗಟ್ಟಿ, ಹುಡ್ಡನ್ನು ಮಡಚಿದಾಗ ಬಿರುಕು ಬಿಡುತ್ತದೆ. ಮೇಲ್ಭಾಗ, ಎರಡು ಪಕ್ಕ ಮತ್ತು ಹಿಂಬದಿ ಸೇರಿ ನಿಮ್ಮ ಹುಡ್ಡು ಸುಮಾರು 7–8 ಚದರ ಮೀಟರ್ ಆಗಬಹುದು. ಒಣಗಿದ ಹಳೆಯ ಕ್ಯಾನ್ವಾಸು ಮೊದಲ ಸಲಕ್ಕೆ ಎರಡು ಲೀಟರಿನಷ್ಟು ಕುಡಿಯುತ್ತದೆ, ಎರಡನೆಯ ಸಲಕ್ಕೆ ಅದರ ಅರ್ಧ ಸಾಕು. ಎರಡರ ನಡುವೆ ಒಂದು ದಿನದ ಅಂತರ ಕೊಡಿ. ಎರಡನೆಯದು ಮುಗಿದು ಮೂರು ದಿನಗಳಾದ ಮೇಲೆ ಒದ್ದೆಯಾದ ಬಿಳಿಬಟ್ಟೆಯಿಂದ ಒತ್ತಿ ಒರೆಸಿ ನೋಡಿ. ಬಿಳಿಬಟ್ಟೆಗೆ ಕಪ್ಪು ಹತ್ತಿದರೆ ಇನ್ನೂ ಕಾಯಬೇಕು.

ಕೊನೆಯದು ಜಲನಿರೋಧಕ ಲೇಪ. ನಿಮಗೆ ಬಂದ ಸಲಹೆಗಳನ್ನು ಒಂದೊಂದಾಗಿ ನೋಡೋಣ. ತಾರಸಿಯ ಪೇಂಟನ್ನು ಅಲುಗಾಡದ ಕಾಂಕ್ರೀಟಿಗೆಂದು ಮಾಡಿರುತ್ತಾರೆ. ಕ್ಯಾನ್ವಾಸಿನ ಮೇಲೆ ಅದು ದಪ್ಪ ಚರ್ಮವಾಗಿ ಕೂತು, ಗಾಳಿಗೆ ಹುಡ್ಡು ಪಟಪಟಿಸಿದಾಗ ಮಡಿಕೆಗಳಲ್ಲಿ ಸೀಳುತ್ತದೆ. ಸೀಳಿನಿಂದ ಒಳಹೊಕ್ಕ ನೀರು ಆ ಚರ್ಮದ ಕೆಳಗೇ ಉಳಿದು ಬಟ್ಟೆಯನ್ನು ಕೊಳೆಸುತ್ತದೆ. ಒಮ್ಮೆ ಬಳಿದ ಮೇಲೆ ಅದನ್ನು ತೆಗೆಯುವ ದಾರಿಯೇ ಇಲ್ಲವಾದ್ದರಿಂದ ಈ ಸಲಹೆಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಭಾವನವರು ಹೇಳಿದ ಮೇಣ ಹಳೆಯ ವಿದ್ಯೆ, ತಪ್ಪಲ್ಲ. ತಂಪುನಾಡುಗಳಲ್ಲಿ ಇಂದಿಗೂ ಅದನ್ನು ಮಾಡುತ್ತಾರೆ. ಆದರೆ ಪ್ಯಾರಾಫಿನ್ ಮೇಣ ಸುಮಾರು 50–60 ಡಿಗ್ರಿಯಲ್ಲಿ ಕರಗುತ್ತದೆ, ಮೇ ತಿಂಗಳ ಬಿಸಿಲಿಗೆ ನಿಂತ ಕಪ್ಪು ಹುಡ್ಡು ಆ ಶಾಖಕ್ಕೆ ಸಮೀಪಿಸುತ್ತದೆ. ಮೇಣ ಮೆತ್ತಗಾಗಿ ರಸ್ತೆಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ, ಜೊತೆಗೆ ಬಟ್ಟೆ ಬೆಂಕಿಗೆ ಸುಲಭವಾಗಿ ತುತ್ತಾಗುವಂತಾಗುತ್ತದೆ. ಅಗಸೆ ಎಣ್ಣೆಯನ್ನು ಸವರುವವರೂ ಇದ್ದಾರೆ. ಆ ಎಣ್ಣೆ ಒಣಗುತ್ತ ಬಟ್ಟೆಯನ್ನು ಪೆಡಸು ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಎಣ್ಣೆಯಲ್ಲಿ ಅದ್ದಿದ ಚಿಂದಿಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಕಟ್ಟಡದ ಕೆಳಗೆ ವಾಹನಗಳು ಒತ್ತೊತ್ತಾಗಿ ನಿಲ್ಲುವ ನಮ್ಮ ಊರಿನಲ್ಲಿ ಅದು ಬೇಡವೇ ಬೇಡ.

ಅಗ್ಗದ ಇನ್ನೊಂದು ಹಳೆಯ ಉಪಾಯವೆಂದರೆ ಸೋಪು ಮತ್ತು ಪಟಿಕ. ಕಾಲು ಕಿಲೋ ಬಾರ್ ಸೋಪನ್ನು ತುರಿದು ಐದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಗೆ ಉಣಿಸುವುದು, ಅರ್ಧ ಒಣಗಿದಾಗ ಕಾಲು ಕಿಲೋ ಪಟಿಕವನ್ನು ಐದು ಲೀಟರ್ ನೀರಿನಲ್ಲಿ ಕರಗಿಸಿ ಮೇಲೆ ಬಳಿಯುವುದು. ಸೋಪಿನ ಕೊಬ್ಬಿನಾಮ್ಲವೂ ಪಟಿಕದ ಅಲ್ಯೂಮಿನಿಯಮ್ಮೂ ಸೇರಿ ನೀರಿನಲ್ಲಿ ಕರಗದ ಮೇಣದಂಥ ಪದಾರ್ಥವೊಂದು ನೂಲಿನೊಳಗೇ ಹುಟ್ಟುತ್ತದೆ. ಇದು ನಿಜಕ್ಕೂ ಕೆಲಸ ಮಾಡುತ್ತದೆ, ಟ್ರೇಲರಿನ ಮೇಲೆ ಹೊದಿಸುವ ತಾಡಪತ್ರಿಗೆ ನಾನೇ ಇದನ್ನು ಮಾಡಿದ್ದೇನೆ. ಆದರೆ ಪಟಿಕದ ಹುಳಿ ಉಳಿದರೆ ಕಾಲಾಂತರದಲ್ಲಿ ಹತ್ತಿಗೆ ಒಳ್ಳೆಯದಲ್ಲ, ಕಪ್ಪು ಬಟ್ಟೆಯ ಮೇಲೆ ಬಿಳಿ ಹೊಪ್ಪಳಿಕೆಯೂ ಕಾಣುತ್ತದೆ. ಪ್ರೀತಿಯ ಜೀಪಿಗೆ ಇದನ್ನು ನಾನು ಹೇಳಲಾರೆ.

ನಿಮಗೆ ನಾನು ಹೇಳುವುದು ಕ್ಯಾನ್ವಾಸಿಗೆಂದೇ ಮಾಡಿದ, ನೀರಿನಲ್ಲಿ ಬೆರೆತಿರುವ, ಬ್ರಷ್ಷಿನಿಂದ ಬಳಿಯುವ ಲೇಪ. ಡಬ್ಬದ ಮೇಲೆ ಟೆಂಟು ಅಥವಾ ಹುಡ್ಡಿನ ಕ್ಯಾನ್ವಾಸಿಗೆ ಎಂದಿರಬೇಕು, ಬಟ್ಟೆಯ ಉಸಿರಾಟವನ್ನು ಉಳಿಸುತ್ತದೆ ಎಂದಿರಬೇಕು. ಬಣ್ಣ ಪೂರ್ಣ ಒಣಗಿದ ಮೇಲೆ ತೆಳುವಾಗಿ ಒಮ್ಮೆ ಬಳಿದು, ಅದು ಒಣಗುವ ಮೊದಲೇ ಎರಡನೆಯದನ್ನು ಅಡ್ಡಕ್ಕೆ ಬಳಿಯಿರಿ; ಬಟ್ಟೆಯ ಮೇಲೆ ನಿಂತ ಹನಿಗಳನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಹೊಳೆಯುವ ಕಲೆಯಾಗಿ ಉಳಿಯುತ್ತವೆ. ಸ್ಪ್ರೇ ಡಬ್ಬಗಳ ತುಂತುರನ್ನು ಉಸಿರಿನಲ್ಲಿ ಎಳೆದುಕೊಳ್ಳುವುದು ಶ್ವಾಸಕೋಶಕ್ಕೆ ಅಪಾಯಕರವಾದ್ದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ಅವುಗಳನ್ನು ಎಂದೂ ಬಳಸಬೇಡಿ. ಹೊಲಿಗೆಯ ಸಾಲುಗಳಿಗೆ ಒಳಗಿನಿಂದ ಜೇನುಮೇಣದ ತುಂಡನ್ನು ಗಟ್ಟಿಯಾಗಿ ಉಜ್ಜಿ, ಬೆರಳಿನ ಬಿಸಿಯಿಂದ ತೂತುಗಳಿಗೆ ತಿಕ್ಕಿ ತುಂಬಿ. ಇಡೀ ಹುಡ್ಡಿಗೆ ಬೇಡವೆಂದ ಮೇಣವೇ ಇಲ್ಲಿ ಸರಿಯಾದ ಮದ್ದು. ಭಾವನವರ ಸಲಹೆ ಪೂರ್ತಿ ವ್ಯರ್ಥವಾಗಲಿಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಗೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 11. ತೊಳೆದು ಒಣಗಿಸುವುದು, ಹೊಲಿಗೆ, ಎರಡು ಸಲದ ಬಣ್ಣ, ಲೇಪ ಮತ್ತು ಅವುಗಳ ನಡುವಿನ ಕಾಯುವಿಕೆ ಎಲ್ಲ ಸೇರಿ ಹನ್ನೆರಡರಿಂದ ಹದಿನೈದು ದಿನ ಬೇಕು. ಮೇ ಕೊನೆಯ ಅಕಾಲಿಕ ಮಳೆಯನ್ನೂ ನೆನಪಿಟ್ಟುಕೊಂಡು, ಊರಿಗೆ ಹೊರಡುವ ಮೊದಲೇ, ಏಪ್ರಿಲ್ ಕೊನೆಯೊಳಗೆ ಮುಗಿಸಿಕೊಳ್ಳಿ. ಬಣ್ಣ ಕೆಲವು ವರ್ಷ ನಿಲ್ಲುತ್ತದೆ. ಲೇಪವನ್ನು ಮಾತ್ರ ಪ್ರತಿ ಬೇಸಿಗೆಯಲ್ಲೂ ನೀರಿನ ಹನಿ ಬಿಟ್ಟು ಪರೀಕ್ಷಿಸಿ, ಹನಿ ಹರಡುವಲ್ಲಿ ಮತ್ತೆ ಬಳಿಯಬೇಕು.

ಪ್ರಶ್ನೆ: ನನ್ನ ಮಾರುತಿ ಜಿಪ್ಸಿಯ ಕ್ಯಾನ್ವಾಸ್ ಟಾಪಿಗೆ ಮೊದಲು ಸಿಲಿಕೋನ್ ಸ್ಪ್ರೇ ಹೊಡೆದೆ. ಆಮೇಲೆ ಬಣ್ಣ ಹಾಕಿದರೆ ಅಲ್ಲಲ್ಲಿ ಮಾತ್ರ ಹಿಡಿದು ಚಿರತೆಯ ಮೈಯಂತಾಗಿದೆ. ಸರಿಪಡಿಸಬಹುದೇ?
— ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ಮೇಲೆ ಹೇಳಿದ ಕ್ರಮ ತಲೆಕೆಳಗಾದದ್ದರ ಫಲವಿದು. ಸಿಲಿಕೋನಿನ ಮೇಲೆ ಬಣ್ಣ, ಗೋಂದು, ಮತ್ತೊಂದು ಲೇಪ ಯಾವುದೂ ನಿಲ್ಲುವುದಿಲ್ಲ, ಮತ್ತು ಅದನ್ನು ನೂಲಿನಿಂದ ಪೂರ್ತಿಯಾಗಿ ಹೊರತೆಗೆಯುವುದು ಕಷ್ಟ. ಒಳಮಡಿಕೆಯ ಒಂದು ಅಂಗೈಯಗಲದ ಜಾಗದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಿಳಿಬಟ್ಟೆಯಲ್ಲಿ ಅದ್ದಿ ಒತ್ತಿ ಒರೆಸಿ, ಸೋಪುನೀರಿನಿಂದ ತೊಳೆದು, ಒಣಗಿದ ಮೇಲೆ ಹನಿ ಬಿಟ್ಟು ನೋಡಿ. ಬೆಂಕಿಯಿಂದ ದೂರವಿರಿ, ಪ್ಲಾಸ್ಟಿಕ್ ಕಿಟಕಿಗೆ ಅದು ತಾಗದಿರಲಿ. ಹನಿ ಹೀರಿದರೆ ಉಳಿದ ಭಾಗಕ್ಕೂ ಅದನ್ನೇ ಮಾಡಿ ಹೊಸದಾಗಿ ಬಣ್ಣ ಹಾಕಬಹುದು. ಹೀರದಿದ್ದರೆ ಹಣವನ್ನೂ ಶ್ರಮವನ್ನೂ ಉಳಿಸಿಕೊಂಡು ಈ ಮಳೆಗಾಲವನ್ನು ಹಾಗೇ ಕಳೆಯಿರಿ. ಸ್ಪ್ರೇಯ ಲೇಪ ಮಳೆಗೂ ಬಿಸಿಲಿಗೂ ಸವೆಯುತ್ತದೆ, ಮುಂದಿನ ಬೇಸಿಗೆಯಲ್ಲಿ ಬಟ್ಟೆ ನಿಮ್ಮ ಮಾತು ಕೇಳುವ ಸಾಧ್ಯತೆ ಹೆಚ್ಚು. ಸದ್ಯಕ್ಕೆ ನೋಡಲು ಚೆನ್ನಾಗಿಲ್ಲದಿದ್ದರೂ ನೀರು ಒಳಗೆ ಬರುವುದಿಲ್ಲವಷ್ಟೆ.

ಪ್ರಶ್ನೆ: ನಾನು ಗದಗ ಜಿಲ್ಲೆಯವನು, ವಾಸ್ಕೋದಲ್ಲಿ ರಿಕ್ಷಾ ಓಡಿಸುತ್ತೇನೆ. ಹುಡ್ಡಿನ ರೆಕ್ಸಿನ್ ಬಿರಿದು ಬಣ್ಣ ಹೋಗಿದೆ. ಕ್ಯಾನ್ವಾಸಿನ ಬಣ್ಣವನ್ನೇ ಹಾಕಬಹುದೇ?
— ಓದುಗರೊಬ್ಬರು, ಗೋವಾ

ಉತ್ತರ: ಹಾಕಬೇಡಿ. ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ಕಿನ ಪದರ. ಅದು ಬಣ್ಣವನ್ನು ಹೀರುವುದಿಲ್ಲ. ಅದನ್ನು ಮೆತ್ತಗಿಟ್ಟಿರುವ ಎಣ್ಣೆಯಂಥ ಪದಾರ್ಥ ಬಿಸಿಲಿಗೆ ಆರಿಹೋದಾಗ ಪದರ ಪೆಡಸಾಗಿ ಬಿರಿಯುತ್ತದೆ, ಆರಿದ್ದನ್ನು ಮರಳಿ ತುಂಬಲು ಬರುವುದಿಲ್ಲ. ಒಂದೆರಡು ಬಿರುಕುಗಳಷ್ಟೇ ಇದ್ದರೆ ಒಳಗಿನಿಂದ ಅದೇ ರೆಕ್ಸಿನ್ನಿನ ತುಂಡನ್ನು, ಮೂಲೆಗಳನ್ನು ದುಂಡಾಗಿ ಕತ್ತರಿಸಿ, ಪಿವಿಸಿಗೆ ಹೊಂದುವ ಗೋಂದಿನಿಂದ ಅಂಟಿಸಿ ಒಂದು ಮಳೆಗಾಲವನ್ನು ದಾಟಿಸಬಹುದು. ಜಾಲದಂತೆ ಬಿರಿದಿದ್ದರೆ ಹೊಸ ಹುಡ್ಡನ್ನೇ ಹಾಕಿಸಿ, ಈಗಿರುವ ಬಣ್ಣದಲ್ಲೇ. ಸಾರಿಗೆ ಇಲಾಖೆಯ ತಪಾಸಣೆಗೆ ನಿಲ್ಲುವ ವಾಹನದಲ್ಲಿ ಬಣ್ಣದ ಪ್ರಯೋಗ ಬೇಡ. ಹೊಸದಾದ ಮೇಲೆ ಕಡಲಗಾಳಿಯ ಉಪ್ಪನ್ನು ವಾರಕ್ಕೊಮ್ಮೆ ಬರೀ ನೀರಿನಿಂದ ತೊಳೆಯಿರಿ. ಉಪ್ಪು ರೆಕ್ಸಿನ್ನಿಗಿಂತ ಹೆಚ್ಚಾಗಿ ಕೆಳಗಿನ ಕಬ್ಬಿಣದ ಚೌಕಟ್ಟನ್ನು ತಿನ್ನುತ್ತದೆ, ತುಕ್ಕು ಹಿಡಿದು ಒರಟಾದ ಚೌಕಟ್ಟು ಹುಡ್ಡನ್ನು ಒಳಗಿನಿಂದ ಉಜ್ಜಿ ಹರಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಜೀಪನ್ನು ಹೊರಗೆ ತೆಗೆಯುವುದಿಲ್ಲ, ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸುತ್ತೇವೆ. ಆದರೂ ಅಕ್ಟೋಬರಿನಲ್ಲಿ ತೆರೆದಾಗ ಹುಡ್ಡಿನ ತುಂಬ ಕಪ್ಪು ಚುಕ್ಕೆಗಳು. ಏಕೆ?
— ಓದುಗರೊಬ್ಬರು, ಗೋರೆಗಾಂವ್

ಉತ್ತರ: ಆ ಪ್ಲಾಸ್ಟಿಕ್ಕಿನಿಂದಲೇ. ನೆಲದಿಂದ ಏಳುವ ತೇವ ಅದರ ಕೆಳಗೆ ಸಿಕ್ಕಿಕೊಂಡು ನಾಲ್ಕು ತಿಂಗಳು ಹತ್ತಿಯನ್ನು ಬೂಷ್ಟಿಗೆ ಉಣಬಡಿಸುತ್ತದೆ. ಹಿಂದೆ ನಮ್ಮ ಕರಾವಳಿಯಲ್ಲಿ ಹತ್ತಿಯ ಬಲೆಗಳನ್ನು ಮೀನುಗಾರರು ಮರದ ತೊಗಟೆಯ ಚೊಗರು ಕಷಾಯದಲ್ಲಿ ಅದ್ದಿ ತೆಗೆಯುತ್ತಿದ್ದರು, ಚೊಗರು ಬೂಷ್ಟನ್ನು ತಡೆಯುತ್ತಿತ್ತು. ಅಷ್ಟಾದರೂ ಬಲೆಯನ್ನು ಗಾಳಿಗೆ ಹರವಿ ಒಣಗಿಸುವುದನ್ನು ಅವರು ಬಿಟ್ಟವರಲ್ಲ. ನೀವು ಪ್ಲಾಸ್ಟಿಕ್ಕನ್ನು ಹುಡ್ಡಿಗೆ ತಾಗದಂತೆ ಮೇಲೆ ನಾಲ್ಕು ಕಂಬಗಳಿಗೆ ಚಪ್ಪರದಂತೆ ಇಳಿಜಾರಾಗಿ ಕಟ್ಟಿ, ನಾಲ್ಕೂ ಬದಿ ತೆರೆದಿರಲಿ. ಮಳೆ ಬಿಟ್ಟ ದಿನ ಪಕ್ಕದ ಪರದೆಗಳನ್ನು ಸುತ್ತಿ ಮೇಲೆ ಕಟ್ಟಿ ಒಳಗೆ ಗಾಳಿಯಾಡಿಸಿ. ಸುತ್ತುವ ಮೊದಲು ಅಂಚುಪಟ್ಟಿಯನ್ನು ಕೈಯಿಂದ ಮುಟ್ಟಿ ನೋಡಿ, ಅದು ತಣ್ಣಗೆ ಹತ್ತಿದರೆ ಇನ್ನೂ ಒಣಗಿಲ್ಲ.